ಕತ್ತರಿಸಿ ಬಿಸಾಡಿದ ಸಾಲು

ಅನುಕರಣೆ ನನಗೆ ಹುಟ್ಟಿನಿಂದ ಬಂದ ಚಟ. ಗೌರಿಬಿದನೂರಿನ ಮನೆಯಲ್ಲಿ, ಅಪ್ಪ ಕುಡುಮಲಕುಂಟೆಯ ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡುವಾಗ ಕೆಮ್ಮುವ ಹಾಗೆ ನಾನು ಕೆಮ್ಮಿದರೆ, ಅಮ್ಮ ಒಳಗಿನಿಂದಲೇ ಕಾಫಿಗೆ ನೀರಿಡುತ್ತಿದ್ದಳು. ಕೈವಾರದ ಬಸ್ಸಿನ ಕಂಡಕ್ಟರ್, ಚಿಂತಾಮಣಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರು, ಯಾರನ್ನೂ ನಾನು ಬಿಟ್ಟವನಲ್ಲ. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅನುಕರಿಸಿದ್ದೂ ಉಂಟು. ಅದೊಂದೇ ಯಾಕೋ ಅಷ್ಟು ನಗು ಬರಿಸುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ನಾನು ಶಿಡ್ಲಘಟ್ಟದ ಒಂದು ಪುಟ್ಟ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ರೇಷ್ಮೆ ಹುಳು ಸಾಕುವ ಮನೆಗಳಿಂದ ವಿವರ ತಂದು, ಯಾವ ತಳಿ ಯಾವ ಕಾಲಕ್ಕೆ ಒಗ್ಗುತ್ತದೆ ಎಂದು ಸಾಕುವವರಿಗೇ ತಿರುಗಿ ಹೇಳುವುದು ನಮ್ಮ ಕೆಲಸ. ಇದ್ದದ್ದು ಮೂರು ಜನ. ಸಂಸ್ಥೆ ನಡೆಸುತ್ತಿದ್ದ ಮೇಡಂ, ಇಪ್ಪತ್ತು ವರ್ಷದಿಂದ ಸೈಕಲ್ಲಿನಲ್ಲಿ ಜಂಗಮಕೋಟೆ ಕಡೆಯ ಮನೆಮನೆ ಸುತ್ತುತ್ತಿದ್ದ ಚಾಚಾ, ಮತ್ತು ನಾನು. ನಾಲ್ಕನೆಯವನು ಹೂವಿನ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತ ಕಂಪ್ಯೂಟರ್.

ಲೆಕ್ಕ ಮಾಡುವ ಪ್ಯಾಕೇಜು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಒಂದು ಕಂಪ್ಯೂಟರ್ ಪತ್ರಿಕೆ ಕೊಂಡೆ. ಅದರ ಹೊಟ್ಟೆಗೆ ಅಂಟಿಸಿದ್ದ ಸಿಡಿಯಲ್ಲಿ ಒಂದು ಪ್ಯಾಕೇಜು ಸಿಕ್ಕಿತು. ಸರಾಸರಿ ತೆಗೆಯುತ್ತದೆ, ಹೋಲಿಸುತ್ತದೆ, ಚಿತ್ರ ಬರೆಯುತ್ತದೆ. ಯಾರು ಬೇಕಾದರೂ ಬಳಸಿ, ಒಳಗಿನ ಕೋಡು ಬಿಚ್ಚಿ ನೋಡಿ, ತಿದ್ದಿ, ಹಂಚಿ ಎಂದು ಬರೆದಿತ್ತು.

"ಫ್ರೀ ಅಂದ್ರೆ ಏನೋ ಇರುತ್ತೆ ಕಣೋ" ಎಂದರು ಮೇಡಂ. "ಸುಮ್‌ಸುಮ್ನೆ ಯಾರಪ್ಪ ಕೊಡ್ತಾರೆ? ವೈರಸ್ಸು ಗಿರಸ್ಸು ಇದ್ರೆ?"

"ದೇವಸ್ಥಾನದ ಪ್ರಸಾದಾನೂ ಫ್ರೀನೇ ಮೇಡಂ, ತಿನ್ನಲ್ವಾ?"

"ಅದನ್ನ ತಿಂದು ಹೋದ ವರ್ಷ ನನಗೆ ಹೊಟ್ಟೆ ಕೆಟ್ಟಿತ್ತು."

ಚಾಚಾ ಮಾತ್ರ ಕಪ್ಪು ಪರದೆಯ ಮೇಲೆ ಮಿನುಗುವ ಗೆರೆಯನ್ನು ಬಹಳ ಹೊತ್ತು ನೋಡಿ, "ಒಳಗೆ ಏನೈತೆ ಅಂತ ತೋರಿಸ್ತಾನಲ್ಲ, ಒಳ್ಳೇ ಮನುಷ್ಯನೇ ಇರಬೇಕು ಬೇಟಾ" ಎಂದರು.

ಹಿಂದಿನ ಬೇಸಿಗೆಯಲ್ಲಿ ನಲವತ್ತು ಮನೆಗಳು ಬಿಳಿ ಗೂಡಿನ ಹೊಸ ತಳಿಯನ್ನು ಸಾಕಿದ್ದವು. ವಾಡಿಕೆಯ ಹಳದಿ ಗೂಡಿಗಿಂತ ಇದರ ನೂಲು ಉದ್ದ, ಹೆಸರೂ ದೊಡ್ಡದು. ಬರುವ ಬೇಸಿಗೆಗೆ ಎಲ್ಲರೂ ಇದನ್ನೇ ಹಿಡಿಯಬಹುದೇ ಎಂಬುದು ಪ್ರಶ್ನೆ. ಚಾಚಾ ತಂದ ನಲವತ್ತು ಹಾಳೆಗಳನ್ನು, ಹೋಲಿಸಲು ಹಳದಿ ಗೂಡಿನ ಹಳೆಯ ಸರಾಸರಿಯನ್ನೂ, ನಾನು ಎರಡು ದಿನ ಕೂತು ಟೈಪು ಮಾಡಿದೆ. ಕೆಲವು ಹಾಳೆಗಳಲ್ಲಿ ಗೂಡಿನ ತೂಕ ಬರೆಯಬೇಕಾದ ಚೌಕ ಖಾಲಿ ಇತ್ತು. ಮುದುಕ ಮರೆತಿದ್ದಾನೆ ಎಂದುಕೊಂಡು ನಾನೂ ಖಾಲಿ ಬಿಟ್ಟೆ. ಒಂದು ಮಾತು ಕೇಳಬಹುದಿತ್ತು. ಅವರು ಎದುರಿನ ಬೆಂಚಿನಲ್ಲೇ ಕೂತು ಬೀಡಿ ಸೇದುತ್ತಿದ್ದರು.

ಸರಾಸರಿ ಬಹಳ ಚೆನ್ನಾಗಿ ಬಂತು. ಚಿತ್ರದಲ್ಲಿ ಬಿಳಿ ಗೂಡಿನ ಕಂಬ ಹಳದಿಯ ತಲೆಯ ಮೇಲೆ ಎದ್ದು ನಿಂತಿತು. ಪ್ರಿಂಟರು ಕಿರ್ರೋ ಎಂದು ಅದನ್ನು ಹೊರಗೆ ತಳ್ಳಿದಾಗ ನಾನೇ ಹುಳು ಸಾಕಿ ಗೂಡು ಕಟ್ಟಿಸಿದಷ್ಟು ಹೆಮ್ಮೆಪಟ್ಟೆ. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲಿತ್ತು. ರಟ್ಟಿನ ಮೇಲೆ ಅಂಟಿಸಲು ಅಳತೆ ಸರಿಹೋಗಲಿಲ್ಲವೆಂದು ಕತ್ತರಿ ತಂದು ಆ ಸಾಲನ್ನು ಕತ್ತರಿಸಿ ಬುಟ್ಟಿಗೆ ಹಾಕಿದೆ.

ಜಂಗಮಕೋಟೆಯ ಡೈರಿ ಕಟ್ಟಡದಲ್ಲಿ ಸಭೆ. ಹಾಲು ಹಾಕಿ ಬಂದವರೆಲ್ಲ ಕ್ಯಾನುಗಳನ್ನು ಮಗ್ಗುಲಲ್ಲಿಟ್ಟುಕೊಂಡು ಕೂತಿದ್ದರು. ನಾನು ರಟ್ಟನ್ನು ಎತ್ತಿ ಹಿಡಿದೆ. ಹಿಂದಿನಿಂದ ಚಾಚಾ ಎದ್ದು ನಿಂತರು.

"ಬಿಳಿ ಹುಳ ಬೇಸಿಗೇಲಿ ನಿಲ್ಲಲ್ಲಪ್ಪ. ನಾಲ್ಕನೇ ಜ್ವರ ಎದ್ದು, ಇನ್ನೇನು ಗೂಡು ಕಟ್ಬೇಕು ಅನ್ನೋವಾಗ ಮಲಗಿಬಿಡ್ತದೆ. ಆ ಖಾಲಿ ಇರೋ ಮನೆಗಳ್ನೂ ನೋಡ್ಬೇಕು ಬೇಟಾ..."

ಹುಳು ಸೊಪ್ಪಿನ ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಷ್ಟೇ ಸಾಕಾಯಿತು ನನಗೆ. ಬೆನ್ನು ಬಗ್ಗಿಸಿ, ಟೋಪಿ ಸರಿಮಾಡಿಕೊಳ್ಳುವ ಹಾಗೆ ತಲೆ ತಡವಿ, ಚಾಚಾನದೇ ದನಿ ತೆಗೆದು, "ಬೇಟಾ, ಈ ಕಂಪ್ಯೂಟರ್‌ಗೂ ನಾಲ್ಕನೇ ಜ್ವರ ಬಂದೈತೆ. ಸೊಪ್ಪು ಹಾಕಪ್ಪ, ಸೊಪ್ಪು!" ಎಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬರ ಕ್ಯಾನು ಉರುಳಿ ಬಿತ್ತು. ಮೇಡಂ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಚಾಚಾ ಸ್ವಲ್ಪ ಹೊತ್ತು ನಿಂತೇ ಇದ್ದರು, ನಗು ನಿಂತ ಮೇಲೆ ಉಳಿದದ್ದನ್ನು ಹೇಳೋಣ ಎಂಬಂತೆ. ಅದು ಬೇಗ ನಿಲ್ಲಲಿಲ್ಲ. ಕೂತರು.

ಬಿಳಿ ತಳಿಯ ಮೊಟ್ಟೆಗೆ ಊರಿಗೆ ಊರೇ ಹೆಸರು ಬರೆಸಿತು. ಚಾಚಾ ಮಾತ್ರ ತಾವು ಹೋದ ಮನೆಗಳಲ್ಲಿ ಬೇಡ ಬೇಡ ಎನ್ನುತ್ತಲೇ ಇದ್ದರು. ಆಫೀಸಿನದೊಂದು ಮಾತು, ಆಫೀಸಿನವರದೇ ಇನ್ನೊಂದು ಮಾತು ಆಗಬಾರದೆಂದು ಮೇಡಂ ಚಾಚಾನ ಸುತ್ತಾಟ ನಿಲ್ಲಿಸಿ, ಆಫೀಸಿನಲ್ಲಿ ಫೈಲುಗಳಿಗೆ ಚೀಟಿ ಅಂಟಿಸಲು ಕೂರಿಸಿದರು. ಅವರ ಮನೆಗಳು ನನ್ನ ಪಾಲಿಗೆ ಬಂದವು. ಸೈಕಲ್ ಅವರದು, ಕೊಡಲೇಬೇಕಾಗಿರಲಿಲ್ಲ. "ಹಿಂದಿನ ಬ್ರೇಕು ಹಿಡಿಯಲ್ಲ, ಹುಷಾರು" ಎಂದು ಹೇಳಿ ಕೊಟ್ಟರು.

ಮೂರನೆಯದೋ ನಾಲ್ಕನೆಯದೋ ಮನೆ. ಹುಳುಮನೆಯ ಒಳಗೆ ಹೊರಗಿನವರು ಕಾಲಿಡುವಂತಿಲ್ಲ. ಹೊಸ್ತಿಲಾಚೆ ನಿಂತೆ. ಬಾಗಿಲ ಪಕ್ಕದ ಮೊಳೆಗೆ ಬೆಳೆಯ ಕಾರ್ಡು ನೇತುಹಾಕಿತ್ತು. ಹಿಂದಿನ ಬೇಸಿಗೆಯ ಸಾಲಿನಲ್ಲಿ ತಾರೀಕಿದೆ, ತೂಕ ಇಲ್ಲ.

"ಅಮ್ಮ, ಇಲ್ಲಿ ಬರೆಯೋದು ಮರ್ತಿದೀರಲ್ಲ. ಎಷ್ಟಾಯ್ತು ಹೇಳಿ" ಎಂದು ಪೆನ್ನು ತೆಗೆದೆ.

ಸೊಪ್ಪು ಕತ್ತರಿಸುತ್ತಿದ್ದ ಆ ತಾಯಿ ಕುಡುಗೋಲು ಹಿಡಿದೇ ಎದ್ದು ಬಂದರು. "ಅಯ್ಯೋ ನಾಯನಾ, ಬರೀಬೇಡ! ಅದು ಹೋದ ಬೆಳೆ. ಒಂದು ಗೂಡೂ ಕಟ್ಲಿಲ್ಲ, ಅಷ್ಟೂ ತಿಪ್ಪೆಗೆ ಸುರಿದ್ವಿ."

"ಹಂಗಾದ್ರೆ ಸೊನ್ನೆ ಅಂತ ಬರೀತೀನಿ."

"ಹುಳಮನೆ ಬಾಗ್ಲಲ್ಲಿ ಸೊನ್ನೆ ಬರೀತಾರೇನಪ್ಪ? ಒಳಗೆ ಹುಳ ಎರಡನೇ ಜ್ವರದಲ್ಲಿದೆ. ಬಾಯಲ್ಲೂ ಹೇಳ್ಬಾರ್ದು. ಹೋದ ಬೆಳೇನ ಖಾಲಿ ಬಿಡ್ತೀವಿ, ಯಾರ ಮನೇಲಾದ್ರೂ ಅಷ್ಟೇ. ಚಾಚಾಗೆ ಗೊತ್ತು. ಅವರೂ ತಮ್ಮ ಹಾಳೇಲಿ ಖಾಲಿನೇ ಬಿಡೋರು, ನಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ. ನಿಂಗೆ ಹೇಳ್ಲಿಲ್ವಾ?"

ಹೇಳಲು ಎದ್ದು ನಿಂತಿದ್ದರು. ನಾನು ಅವರ ದನಿಯನ್ನೇ ಕಿತ್ತುಕೊಂಡಿದ್ದೆ.

ಹಿಂದಿನ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಆಫೀಸಿಗೆ ಬಂದು ಬಿದ್ದೆ. ಆಗಲೂ ನನ್ನ ಬುದ್ಧಿ ನೋಡಿ: ತಪ್ಪು ಪ್ಯಾಕೇಜಿನದೇ ಇರಲಿ ದೇವರೇ ಎಂದು ಬೇಡಿಕೊಂಡೆ. ಬಿಟ್ಟಿ ಸಿಕ್ಕಿದ್ದಲ್ಲವೇ, ಎಲ್ಲೋ ಕೆಟ್ಟಿರಬೇಕು. ಕೋಡು ಬಿಚ್ಚಿಟ್ಟಿದ್ದರಲ್ಲ, ಒಂದೊಂದೇ ಸಾಲು ಓದುತ್ತಾ ಹೋದೆ. ಅರ್ಧ ಅರ್ಥವಾಗಲಿಲ್ಲ. ಆದರೆ ಸರಾಸರಿ ತೆಗೆಯುವ ಜಾಗದಲ್ಲಿ, ಬರೆದವರು ಮುಂದೆ ಓದುವವರಿಗಾಗಿ ಒಂದು ಟಿಪ್ಪಣಿ ಇಟ್ಟಿದ್ದರು. ಖಾಲಿ ಇದ್ದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ, ಆದರೆ ಎಷ್ಟು ಬಿಟ್ಟೆ ಎಂಬುದನ್ನು ತಪ್ಪದೆ ಹೇಳು, ಎಂಬರ್ಥದ ಮಾತು. ಚಿತ್ರವನ್ನು ಮತ್ತೆ ಪ್ರಿಂಟು ಹಾಕಿದೆ. ಕೆಳಗೆ ಅದೇ ಸಾಲು ಬಂತು: ನಲವತ್ತರಲ್ಲಿ ಹದಿಮೂರು ಬಿಡಲಾಗಿದೆ.

ಯಾವುದೋ ದೇಶದಲ್ಲಿ ಕೂತ, ನನ್ನ ಮುಖ ನೋಡದ ಒಬ್ಬರು ಸಂಬಳವಿಲ್ಲದೆ ಅಷ್ಟು ಎಚ್ಚರ ವಹಿಸಿದ್ದರು. ಸಂಬಳ ತೆಗೆದುಕೊಂಡ ನಾನು ಕತ್ತರಿ ಹಾಕಿದ್ದೆ. ಹದಿಮೂರು ಕಡೆ ಸೊನ್ನೆ ತುಂಬಿ ಲೆಕ್ಕ ಮಾಡಿದಾಗ ಬಿಳಿ ಕಂಬ ಹಳದಿಯ ಭುಜಕ್ಕೂ ಬರಲಿಲ್ಲ.

ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. "ಮೊಟ್ಟೆ ಬರೋಕೆ ಇನ್ನೂ ವಾರ ಇದೆ. ನಾಳೇನೇ ಸಭೆ ಕರೀತೀನಿ. ನೀನೇ ಹೇಳು" ಎಂದರು. ಚಾಚಾನನ್ನೂ ಕರೆತಂದರು.

ಅದೇ ಡೈರಿ, ಅದೇ ಜನ. ನಾನು ಎದ್ದು, "ನಾನು ತಪ್ಪು ಮಾಡಿದೀನಿ. ಚಾಚಾ ಹೇಳಿದ್ದೇ ಸರಿ" ಎಂದೆ. ದನಿ ನಡುಗಿತು. ಮುಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು. "ಇವತ್ತು ಯಾರದು ಮಾಡ್ತಿದಾನೋ? ಕೋರ್ಟಲ್ಲಿ ನಿಂತೋನ ತರ ಐತಲ್ಲೋ!" ಎಂದು ಇನ್ನೊಬ್ಬರು. ಮತ್ತೆ ಸಭೆಯೆಲ್ಲ ನಗು. "ಅಲ್ಲ, ನಿಜವಾಗ್ಲೂ" ಎಂದರೆ ಇನ್ನೂ ಜೋರು. ನನ್ನ ಸ್ವಂತ ದನಿಯನ್ನು ಅಲ್ಲಿ ಯಾರೂ ಕೇಳಿಯೇ ಇರಲಿಲ್ಲ. ನನಗೂ ಅದರ ಗುರುತು ಅಷ್ಟಕ್ಕಷ್ಟೆ. ಚಾಚಾ ಮಾತ್ರ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಕಿಟಕಿಯಾಚೆ ನೋಡುತ್ತಿದ್ದರು.

ಕೊನೆಗೆ ಮೇಡಂ ಎದ್ದು ಮೇಜು ಗುದ್ದಿ ಹೇಳಬೇಕಾಯಿತು. ಮನೆಗೊಂದು ಕಂಬ ಬರುವ ಹಾಗೆ ತೆಗೆದ ಹೊಸ ಚಿತ್ರವನ್ನು ಕೆಳಗಿನ ಸಾಲಿನ ಸಮೇತ ಡೈರಿಯ ಗೋಡೆಗೆ ಅಂಟಿಸಿದೆ. ಹದಿಮೂರು ಮನೆಗಳ ಜಾಗದಲ್ಲಿ ಸೊನ್ನೆ ಬರೆಯಲಿಲ್ಲ, ಕಂಬವಿಲ್ಲದ ಜಾಗ ಬಿಟ್ಟು ಕೆಳಗೆ ಬರೀ ಗೆರೆ ಎಳೆದೆ. ಹೆಂಗಸರು ಹಾಲು ಅಳೆಸುತ್ತಾ ಆ ಗೆರೆಗಳನ್ನು ಬೆರಳಲ್ಲಿ ಎಣಿಸಿದರು. ಬಹಳ ಮಂದಿ ಹಳದಿಗೆ ತಿರುಗಿದರು. ಐದು ಮನೆಯವರು ತಿರುಗಲಿಲ್ಲ. ಮೊದಲನೇ ಚಿತ್ರ ಅವರ ಕಣ್ಣಲ್ಲಿ ಉಳಿದುಬಿಟ್ಟಿತ್ತು. ಆ ಬೇಸಿಗೆ ಐದರಲ್ಲಿ ನಾಲ್ಕು ಮನೆಯ ಹುಳು ಗೂಡು ಕಟ್ಟುವ ಮುಂಚೆ ಸತ್ತವು. ನಾನು ಆ ಮನೆಗಳ ಮುಂದೆ ಹಾದುಹೋಗುವಾಗ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆ. ಯಾಕೆಂದು ಯಾರೂ ಕೇಳಲಿಲ್ಲ.

ಚಾಚಾ ತಮ್ಮ ಸುತ್ತಾಟಕ್ಕೆ ಮರಳಿದರು. ಅದಕ್ಕೂ ಮುಂಚೆ, ಅವರು ಫೈಲಿಗೆ ಚೀಟಿ ಅಂಟಿಸುತ್ತಿದ್ದ ಮೇಜಿನ ಹತ್ತಿರ ಹೋಗಿ ಒಂದು ದಿನ ಕ್ಷಮೆ ಕೇಳಿದ್ದೆ. "ಹೋಗ್ಲಿ ಬಿಡಿ" ಎಂದಿದ್ದರು. ಬಿಡು ಅಲ್ಲ, ಬಿಡಿ.

ಮಳೆಗಾಲದ ಬೆಳೆಯ ಹಾಳೆಗಳನ್ನು ತಂದು ನನ್ನ ಮುಂದಿಟ್ಟರು. ಬೆಳೆ ಹೋದ ಮನೆಗಳ ಚೌಕಗಳಲ್ಲಿ ಈ ಸಲ ಸಣ್ಣ ಅಕ್ಷರದಲ್ಲಿ, ಒತ್ತೊತ್ತಾಗಿ, 'ಪೂರಾ ಹೋಗಿದೆ' ಎಂದು ಬರೆದಿತ್ತು. ಮನೆಯವರ ಎದುರು ಬರೆಯಲಾರದೆ, ಊರು ದಾಟಿ ಬಂದು, ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಕೂತು ಒಂದೊಂದೇ ನೆನಪು ಮಾಡಿಕೊಂಡು ಬರೆಯುತ್ತಿದ್ದರಂತೆ. ಇಪ್ಪತ್ತು ವರ್ಷ ಮುಟ್ಟದೆ ಬಿಟ್ಟಿದ್ದ ಚೌಕವನ್ನು ನನ್ನಿಂದಾಗಿ ಮುಟ್ಟಿದ್ದರು.

"ಖಾಲಿ ಯಾವ್ದೂ ಇಲ್ಲ ಸಾರ್" ಎಂದರು, ನನಗಿಂತ ಮೂವತ್ತು ವರ್ಷ ದೊಡ್ಡವರು. "ಒಂದ್ಸಲ ನೋಡ್ಕೊಂಡ್ಬಿಡಿ."