ಸುಮಿಕೋ ಆಂಟಿಯ ಮಣ್ಣಿನ ಗಂಟೆ

ಸಿಗ್ನಲ್ ಹತ್ತಿರ ಮುಂದಿದ್ದ ಟ್ರಕ್ ಇದ್ದಕ್ಕಿದ್ದಂತೆ ನಿಂತಿತು. ನಾನೂ ಗಕ್ಕನೆ ಬ್ರೇಕ್ ಒತ್ತಿದೆ.

ಪಕ್ಕದ ಸೀಟಿನಲ್ಲಿಟ್ಟಿದ್ದ ಮಣ್ಣಿನ ಗಂಟೆ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು ಮೂರು ಚೂರಾಯಿತು.

ತೊಂಬತ್ತರ ದಶಕದ ಮಾತು. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿದ್ದೆವು. ಗಂಟೆ ಪಕ್ಕದ ಮನೆಯ ಸುಮಿಕೋ ಆಂಟಿಯದು. ಜಪಾನಿನವರು. ನನ್ನ ಬಾಣಂತನದಲ್ಲಿ ದಿನಾ ಬಿಸಿ ಸೂಪ್ ತಂದುಕೊಟ್ಟವರು.

ಅಂದು ಅವರ ಗಂಡನಿಗೆ ಬೈಪಾಸ್ ಸರ್ಜರಿ. ಗಡಿಬಿಡಿಯಲ್ಲಿ ಗಂಟೆ ಮನೆಯಲ್ಲೇ ಬಿಟ್ಟುಬಂದೆ, ನಿನ್ನ ಹತ್ತಿರ ಕೀ ಇದೆಯಲ್ಲ, ತಂದುಕೊಡುತ್ತೀಯಾ ಎಂದು ಆಂಟಿ ಆಸ್ಪತ್ರೆಯಿಂದ ಫೋನ್ ಮಾಡಿದ್ದರು.

ಕೆಟ್ಟದ್ದು ಒಳಗೆ ಬರದಿರಲಿ ಎಂದು ಅವರ ಊರಿನಲ್ಲಿ ಬಾಗಿಲಿಗೆ ಕಟ್ಟುವ ಗಂಟೆ ಅದು. ಮದುವೆಯಲ್ಲಿ ಅವರ ಅಮ್ಮ ಕೊಟ್ಟದ್ದು. ಹಿತ್ತಾಳೆಯ ಹಾಗೆ ಟಣ್ ಎನ್ನುವುದಿಲ್ಲ, ಒಣಗಿದ ಸೋರೆಬುರುಡೆ ಅಲುಗಿಸಿದಂಥ ಸದ್ದು.

ಚೂರುಗಳನ್ನು ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕಿದೆ. ಆಸ್ಪತ್ರೆಯ ಪೇ ಫೋನಿನಿಂದ, ಮಗುವಿನ ಜೊತೆ ಮನೆಯಲ್ಲಿದ್ದ ನಮ್ಮವರಿಗೆ ಕಾಲ್ ಮಾಡಿದೆ.

"ಈಗ ಹೇಳ್ಬೇಡ ಕಣೇ. ಸಿಗ್ಲಿಲ್ಲ ಅಂದ್ಬಿಡು. ಆಪರೇಷನ್ ಮುಗೀಲಿ."

ಹಾಗೇ ಹೇಳಿದೆ. ಆಂಟಿ ಪರವಾಗಿಲ್ಲ ಎಂದರು. ಆದರೆ ನನ್ನ ಕೈ ಹಿಡಿದುಕೊಂಡವರು ಬಿಡಲಿಲ್ಲ.

ಆಪರೇಷನ್‌ಗೆ ಮೂರು ಗಂಟೆ ಹಿಡಿಯುತ್ತದೆ ಎಂದಿದ್ದರು. ಮೂರಾಯಿತು... ಸುದ್ದಿಯಿಲ್ಲ. ಆಮೇಲೆ ನರ್ಸ್ ಬಂದು, ರಕ್ತ ನಿಲ್ಲುತ್ತಿಲ್ಲ, ಇನ್ನೂ ತಡವಾಗುತ್ತೆ ಎಂದು ಹೇಳಿ ಹೋದಳು.

ಶಕುನ ಗಿಕುನ ನಂಬುವವಳಲ್ಲ ನಾನು. ಆದರೂ ಒಂದು ಕೈಯಲ್ಲಿ ಪರ್ಸನ್ನು ಒತ್ತಿ ಹಿಡಿದಿದ್ದೇನೆ. ಸ್ವಲ್ಪ ಅಲುಗಿದರೂ ಪರ್ಸಿನೊಳಗೆ ಚೂರುಗಳು ಕರಕರ ಎನ್ನುತ್ತವೆ. ಅಂಕಲ್‌ಗೆ ಏನಾದರೂ ಆದರೆ ಅದು ನನ್ನಿಂದಲೇ ಅನ್ನಿಸಿಬಿಟ್ಟಿದೆ. ಆಂಟಿ ಕಣ್ಣು ಮುಚ್ಚಿ ಏನೋ ಪಿಸುಗುಡುತ್ತಿದ್ದಾರೆ. ಅವರ ಮುಖ ನೋಡಲಾಗುತ್ತಿಲ್ಲ.

ಐದು ಗಂಟೆ ಕಳೆದ ಮೇಲೆ ಡಾಕ್ಟರ್ ಬಂದರು. ರಕ್ತ ನಿಂತಿದೆ, ಅಪಾಯ ದಾಟಿದೆ ಎಂದರು.

ಆಂಟಿ ಕುಸಿದು ಕೂತು ಅತ್ತರು. ಇನ್ನು ತಡೆಯಲಾಗದೆ ಪರ್ಸ್ ತೆಗೆದು ಎಲ್ಲ ಹೇಳಿಬಿಟ್ಟೆ.

ಅವರು ಚೂರುಗಳನ್ನು ಮಡಿಲಲ್ಲಿಟ್ಟು, ಒಂದಕ್ಕೊಂದು ಜೋಡಿಸಿ ನೋಡಿದರು. ಆಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದರು.

"ಒಡೆದದ್ದಕ್ಕೆ ಬೇಜಾರಿಲ್ಲ. ಇಷ್ಟು ಹೊತ್ತು ನನ್ನ ಕೈ ಹಿಡಿದುಕೊಂಡೇ ಸುಳ್ಳು ಹೇಳಿದೆಯಲ್ಲ."

ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಎಂಟನೇ ದಿನ ಅವರೇ ಬಂದು ಬಾಗಿಲು ತಟ್ಟಿದರು. ಅಂಕಲ್ ಮನೆಗೆ ಬಂದಿದ್ದಾರೆ, ನೋಡಲು ಬಾ ಎಂದರು. ಮಗುವನ್ನು ಎತ್ತಿಕೊಂಡು ಓಡಿದೆ.

ಇವತ್ತಿಗೂ ಒಂದು ಅನುಮಾನ ಉಳಿದಿದೆ... ಅಂಕಲ್ ಉಳಿಯದೇ ಹೋಗಿದ್ದರೆ ನಾನು ನಿಜ ಹೇಳುತ್ತಿದ್ದೆನೇ? ನೀವಾಗಿದ್ದರೆ ಹೇಳುತ್ತಿದ್ದಿರಾ?