ಅಮಾವಾಸ್ಯೆ ಕಳೆಯಲಿ ಎಂದಿದ್ದ ಅತ್ತೆ

ಹೋದ ವಾರ ಬಿ.ಪಿ. ತೋರಿಸಲು ಹೋಗಿದ್ದೆ. ಈಗೆಲ್ಲ ಗುಂಡಿ ಒತ್ತಿದರೆ ಅಂಕಿ ಮೂಡುವ ಯಂತ್ರಗಳು. ಅವತ್ತು ಅದು ಕೆಟ್ಟಿತ್ತೇನೋ, ನರ್ಸ್ ಹುಡುಗಿ ಕಪಾಟಿನಿಂದ ಪಾದರಸದ ಹಳೆಯ ಪೆಟ್ಟಿಗೆ ಹೊರತೆಗೆದಳು. ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ ರಬ್ಬರ್ ಉಂಡೆ ಹಿಚುಕತೊಡಗಿದಾಗ ಹಳೇ ರಬ್ಬರು, ಸ್ಪಿರಿಟ್ಟು, ಯಾರ ಯಾರದೋ ಬೆವರು ಬೆರೆತ ವಾಸನೆ ಮೂಗಿಗೆ ಬಂತು... ಪಕ್ಕದಲ್ಲಿ ಅತ್ತೆ ಕೂತಿದ್ದಾರೆ, ಈಗ "ಎಷ್ಟಿದೆ ಸಿಸ್ಟರ್?" ಅನ್ನುತ್ತಾರೆ ಎನ್ನಿಸಿ ತಿರುಗಿಯೇ ನೋಡಿದೆ.

ನಾನು ಮದುವೆಯಾಗಿ ಭದ್ರಾವತಿಗೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಗಂಡನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಕ್ವಾರ್ಟರ್ಸ್ ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ದೇವರ ಗೂಡಿನ ಪಕ್ಕದಲ್ಲಿ ನನ್ನ ಗಂಡನ ಅಕ್ಕನ ಫೋಟೊ ಇತ್ತು. "ಹೆರಿಗೆ ಹೊತ್ತಲ್ಲಿ ಹೋದಳು. ಅಮ್ಮನ ಮುಂದೆ ಆ ಮಾತು ಎತ್ತಬೇಡ" ಎಂದಷ್ಟೇ ಗಂಡ ಹೇಳಿದ್ದರು. ನಾನೂ ಎತ್ತಲಿಲ್ಲ. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಫೋಟೊ ಒರೆಸುತ್ತಿದ್ದರು. ಕೈ ಮುಗಿಯುತ್ತಿರಲಿಲ್ಲ.

ನಾನು ಬಸುರಿಯಾದೆ. ತವರಿನಲ್ಲಿ ನನಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನವೂ ಇಲ್ಲೇ ಎಂದಾಯಿತು. ಆಗಿನ ಮನೆಗಳಲ್ಲಿ ಹಿರಿಯರು "ಬಸುರಿ ಅಂದ್ರೆ ಕಾಯಿಲೆಯಾ, ಆಸ್ಪತ್ರೆಗೆ ತಿರುಗೋಕೆ?" ಎನ್ನುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ಉಲ್ಟಾ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಒಬ್ಬ ಡಾಕ್ಟರಮ್ಮ ಹೊಸದಾಗಿ ಕ್ಲಿನಿಕ್ ತೆರೆದಿದ್ದರು. ಶನಿವಾರ ಮಧ್ಯಾಹ್ನ ಬಸುರಿಯರನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಹೊಟ್ಟೆಯೊಳಗಿನ ಮಗುವಿನ ಮಿಸುಕಾಟವನ್ನು ಹೇಗೆ ಗಮನಿಸಬೇಕು, ನೋವು ಬಂದಾಗ ಉಸಿರು ಹೇಗೆ ಬಿಡಬೇಕು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ... ನಮ್ಮ ಕಡೆ ಅದನ್ನು ಯಾರೂ ಕೇಳಿರಲಿಲ್ಲ. ಜೊತೆಗೆ ಗಂಡಂದಿರೂ ಬರಬೇಕು ಎನ್ನುವುದು ಅವರ ಹಟ. ನನ್ನ ಗಂಡನಿಗೆ ಸೆಕೆಂಡ್ ಶಿಫ್ಟ್. ಅತ್ತೆ ಸೆರಗು ಸಿಕ್ಕಿಸಿ "ನಾನು ಬರ್ತೀನಿ, ನಡಿ" ಎಂದರು.

ನನಗೆ ನಾಚಿಕೆ. ಚಾಪೆಗಳ ಮೇಲೆ ಎಲ್ಲ ಜೋಡಿ ಜೋಡಿಯಾಗಿ ಕೂತಿದ್ದಾರೆ, ನನ್ನ ಪಕ್ಕದಲ್ಲಿ ಅತ್ತೆ. ಡಾಕ್ಟರಮ್ಮ ಎಡಗಡೆ ಹೊರಳಿ ಮಲಗಿ ಎಂದರೆ ಅವರೂ ಮಲಗುವರು, ಉಸಿರು ಬಿಡಿ ಎಂದರೆ ಬುಸ್ಸೆಂದು ಬಿಡುವರು. ಒಂದಿಬ್ಬರು ಗಂಡಸರು ಕಿಸಕ್ಕೆಂದರು. ಅತ್ತೆ ಮಲಗಿದಲ್ಲಿಂದಲೇ, "ನಗ್ರಪ್ಪಾ, ನಗ್ರಿ. ನಾಳೆ ಹೆಂಡ್ತಿ ನೋವು ತಿನ್ನುವಾಗ ನಿಮ್ಮ ಉಸಿರೇ ನಿಂತೋಗತ್ತೆ" ಎಂದರು. ಡಾಕ್ಟರಮ್ಮನೂ ನಕ್ಕುಬಿಟ್ಟರು.

ಇನ್ನೊಂದು ಶನಿವಾರ ಅಪಾಯದ ಲಕ್ಷಣಗಳ ಪಾಠ. ಕಾಲು ಊದುವುದು ಹಲವರಿಗೆ ಇರುತ್ತದೆ, ಆದರೆ ಮುಖ, ಕೈ ಊದಿ, ತಲೆ ಸಿಡಿದು, ಕಣ್ಣು ಮಂಜಾದರೆ ಒಂದು ಗಳಿಗೆಯೂ ಕಾಯಬಾರದು ಎಂದರು ಡಾಕ್ಟರಮ್ಮ. ರಕ್ತದೊತ್ತಡ ಏರಿ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರಿಗೂ ಆಪತ್ತು. ಅತ್ತೆ ನಿಧಾನ ಎದ್ದು ನಿಂತರು.

"ಕಣ್ಣು ಮಂಜಾಗೋದು ಅಂದ್ರೆ... ದೀಪ ನೋಡಿದ್ರೆ ಸುತ್ತ ಉಂಗುರ ಉಂಗುರ ಕಾಣೋದಾ?"

"ಹಾಗೂ ಆಗಬಹುದು ಅಮ್ಮಾ. ಯಾರಿಗಾದ್ರೂ ಆಗಿತ್ತಾ?"

ಅತ್ತೆ ಕೂತುಬಿಟ್ಟರು. ಆಮೇಲೆ ಪಾಠ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ವಾಪಸ್ ಬರುವಾಗ ಮಾಚೇನಹಳ್ಳಿಯಲ್ಲಿ ಶಿಫ್ಟ್ ಬಿಟ್ಟ ಗುಂಪು ಬಸ್ಸಿಗೆ ಮುಗಿಬಿತ್ತು. ಆ ಗದ್ದಲದಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮುಖ ತುಂಬಿಕೊಂಡಿತ್ತು. ನೋಡಿದವರೆಲ್ಲ ಕಳೆ ಬಂದಿದೆ, ಗಂಡೇ ಆಗತ್ತೆ ಎಂದರು. ತಲೆನೋವು ಎಂದಳು, ಅತ್ತೆ ಅಮೃತಾಂಜನ ಹಚ್ಚಿದರು. ಭಾನುವಾರ ಬಂದ ಅಳಿಯ ಅವಳ ಮುಖ ನೋಡಿ, ಈಗಲೇ ಆಸ್ಪತ್ರೆಗೆ ಕರೆದೊಯ್ಯೋಣ ಎಂದು ಬೇಡಿಕೊಂಡ.

"ನಾನು ಏನಂದೆ ಗೊತ್ತಾ? ನಾಲ್ಕು ಹೆತ್ತೋಳು ನಾನು, ಗಂಡಸರಿಗೆ ಇದೆಲ್ಲ ಏನ್ ಗೊತ್ತಾಗತ್ತೆ, ಅಮಾವಾಸ್ಯೆ ಕಳೀಲಿ ಅಂದೆ. ಸಂಜೆ ದೀಪ ಹಚ್ಚಿದಾಗ ಅವಳೇ ಹೇಳಿದ್ಲು, ಅಮ್ಮಾ ದೀಪದ ಸುತ್ತ ಉಂಗುರ ಕಾಣತ್ತೆ ಅಂತ. ದೇವರ ದೀಪ ಕಣೇ, ಒಳ್ಳೇದೇ, ಅಂದೆ..."

ಅಮಾವಾಸ್ಯೆಯ ದಿನವೇ ಫಿಟ್ಸ್ ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಇಬ್ಬರೂ ಇರಲಿಲ್ಲ.

ನನಗೆ ಅಳು ಬಂದದ್ದು ನಿಜ. ಆದರೆ ಅದಕ್ಕಿಂತ ಮೊದಲು, ಅರಿವಿಲ್ಲದೆಯೇ, ನನ್ನ ಕೈ ನನ್ನ ಹೊಟ್ಟೆಯನ್ನು ಮುಚ್ಚಿಕೊಂಡಿತ್ತು. ಅತ್ತೆ ಅದನ್ನು ನೋಡಿದರು. "ಹೆದರಬೇಡ ಮಾರಾಯ್ತಿ, ಅಮಾವಾಸ್ಯೆ ಕಳೀಲಿ ಅಂದ ಆ ಮುದುಕಿ ಈಗ ಇಲ್ಲ" ಎಂದರು.

ನನಗೆ ಸುಖವಾಗಿ ಮಗಳು ಹುಟ್ಟಿದಳು. ಅವಳು ಅಂಬೆಗಾಲಿಡುವ ಹೊತ್ತಿಗೆ, ಅತ್ತೆಯ ಹಳೆಯ ಅಳಿಯನ ಸುದ್ದಿ ಬಂತು. ಅವರು ಮತ್ತೆ ಮದುವೆಯಾಗಿ ಶಿವಮೊಗ್ಗದ ವಿದ್ಯಾನಗರದಲ್ಲಿದ್ದರು. ಮದುವೆ ಮನೆಯೊಂದರಲ್ಲಿ ಸಿಕ್ಕ ನೆಂಟರೊಬ್ಬರು ಸುಮ್ಮನೆ ಎಂಬಂತೆ ಹೇಳಿದರು: "ಅವರ ಮನೆಯವಳಿಗೆ ಈಗ ಏಳು ತಿಂಗಳು. ಮುಖ ಎಷ್ಟು ಊದ್ಕೊಂಡಿದೆ ಅಂತೀರಿ, ಗಂಡೇ ಬಿಡಿ." ಅತ್ತೆ ಊಟದ ಎಲೆ ಬಿಟ್ಟು ಎದ್ದರು.

ಮಗುವನ್ನು ಎತ್ತಿಕೊಂಡು ನಾನೂ ಹಿಂದೆ ಓಡಿದೆ. ವಿದ್ಯಾನಗರದ ಮನೆಯ ಬಾಗಿಲು ತೆರೆದದ್ದು ಆ ಅಳಿಯನೇ. ಅತ್ತೆಯನ್ನು ಕಂಡು ಅವರ ಮುಖ ಕಲ್ಲಾಯಿತು. ಒಳಗೆ ಬನ್ನಿ ಎನ್ನಲಿಲ್ಲ.

"ನಿಮ್ಮ ಮನೆಯವಳನ್ನ ಒಂದ್ಸಲ ನೋಡಿ ಹೋಗ್ತೀನಿ" ಎಂದರು ಅತ್ತೆ.

"ಬೇಡ ಅತ್ತೆ. ನೀವು ನೋಡ್ಕೊಂಡಿದ್ದು ಸಾಕು. ಇವಳಿಗೆ ತಿಂಗಳು ತಿಂಗಳು ತೋರಿಸ್ತಾ ಇದೀನಿ. ಮುಂದಿನ ವಾರ ಮತ್ತೆ ಹೋಗ್ಬೇಕು. ಅವತ್ತು ನಾನು ಎಷ್ಟು ಬೇಡ್ಕೊಂಡೆ, ನೆನಪಿದೆಯಾ?"

"ನೆನಪಿದೆ. ನೀವು ಬೇಡ್ಕೊಂಡ್ರಿ, ನಾನು ಕೇಳಲಿಲ್ಲ. ಇವತ್ತು ನಾನು ಬೇಡ್ಕೊಳ್ತಿದೀನಿ. ನೀವು ನನ್ನ ಹಾಗೆ ಮಾಡಬೇಡಿ."

ಮಾತು ಕೇಳಿ ಅವರ ಹೆಂಡತಿ ಗೋಡೆ ಹಿಡಿದುಕೊಂಡು ಹೊರಬಂದಳು. ಕಣ್ಣು ಕಿರಿದಾಗುವಷ್ಟು ಮುಖ ಊದಿತ್ತು. ಅತ್ತೆ ಹೊಸ್ತಿಲಾಚೆಯಿಂದಲೇ ಕೇಳಿದರು, "ತಲೆನೋವಿದೆಯೇನವ್ವಾ?"

ಆಕೆ ಗಂಡನ ಮುಖ ನೋಡಿದಳು. "ನಿನ್ನೆಯಿಂದ ಇದೆ. ಬೆಳಿಗ್ಗೆಯಿಂದ ಕಣ್ಣೂ ಮಂಜು ಮಂಜು. ಇವರು ಹೆದರ್ತಾರೆ ಅಂತ ಹೇಳಿರಲಿಲ್ಲ."

ಆಕೆಯ ಗಂಡ ಚಪ್ಪಲಿಯನ್ನೂ ಮೆಟ್ಟದೆ ಆಟೋ ತರಲು ಓಡಿದರು.

ಆಸ್ಪತ್ರೆಯಲ್ಲಿ ಆ ಸಂಜೆಯೇ ಆಪರೇಷನ್ ಆಯಿತು. ಅಂಗೈ ಅಗಲದ ಮಗುವನ್ನು ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿಯೂ ಮಗುವೂ ಉಳಿದರು. ಅತ್ತೆ ಒಳಗೆ ಹೋಗಲಿಲ್ಲ. ಕಾರಿಡಾರಿನ ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಅಳಿಯ. ಒಬ್ಬರಿಗೊಬ್ಬರು ಮಾತಾಡಲೇ ಇಲ್ಲ.

ನಾಮಕರಣಕ್ಕೆ ನಮ್ಮನ್ನು ಕರೆಯಲಿಲ್ಲ. ನನಗೆ ಸಿಟ್ಟು ಬಂತು. ಅತ್ತೆಗೆ ಬರಲಿಲ್ಲ. "ನನ್ನ ಮುಖ ಕಂಡ್ರೆ ಆ ಹುಡುಗನಿಗೆ ಏನು ನೆನಪಾಗ್ಬೇಕು ಹೇಳು. ಕರೀದೇ ಇದ್ದಿದ್ದೇ ಒಳ್ಳೇದು" ಎಂದರು. ಸಮಾಧಾನ ಮಾಡಲು ಹೋಗಿ ನಾನು, "ಎರಡು ಜೀವ ಉಳಿಸಿದ್ರಲ್ಲ ಅತ್ತೆ, ಇನ್ನಾದ್ರೂ ಅದನ್ನ ಮನಸ್ಸಿಂದ ತೆಗೀರಿ" ಎಂದೆ.

"ಅದಕ್ಕೆ ಇದು ಲೆಕ್ಕದ ಹಾಗೆ ವಜಾ ಆಗಲ್ಲ ಕಣೇ. ಇವಳು ಇವಳೇ, ಅವಳು ಅವಳೇ. ನನ್ನ ಹುಡುಗಿ ಉಂಗುರ ಕಾಣತ್ತೆ ಅಂತ ನನಗೇ ತಾನೇ ಹೇಳಿದ್ದು..."

ಅತ್ತೆ ಬದುಕಿರುವವರೆಗೂ ಬೀದಿಯಲ್ಲಿ ಬಸುರಿ ಕಂಡರೆ ನಿಲ್ಲಿಸಿ, "ಬಿ.ಪಿ. ನೋಡಿಸ್ಕೊಂಡ್ಯಾ?" ಎನ್ನುತ್ತಿದ್ದರು. ಕೆಲವರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದುದೂ ಉಂಟು. ನನ್ನ ಮಗಳು ಶಾಲೆಗೆ ಹೋಗುವ ವರ್ಷಗಳಲ್ಲಿ, ಒಂದು ಮಧ್ಯಾಹ್ನ ನಿದ್ದೆಯಲ್ಲೇ ತೀರಿಕೊಂಡರು.

ಮಣ್ಣಿಗೆ ಆ ಅಳಿಯ ಬಂದಿದ್ದರು, ಹೆಂಡತಿ ಮತ್ತು ಮಗನೊಂದಿಗೆ. ಎಲ್ಲ ಮುಗಿದ ಮೇಲೆ ಬಚ್ಚಲ ಬಳಿ ಕಾಲಿಗೆ ನೀರು ಹಾಕಿಕೊಳ್ಳುವಾಗ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ಅವತ್ತು ಭಾನುವಾರ ಅತ್ತೆ ಬೇಡ ಅಂದಾಗ ನನಗೂ ಒಳಗೊಳಗೆ ನಿರಾಳ ಅನ್ನಿಸ್ತು ಕಣಮ್ಮ. ದೊಡ್ಡವರು ಹೇಳಿದಾರೆ, ಏನೂ ಆಗಿರಲ್ಲ ಅಂತ ಬಸ್ ಹತ್ತಿಬಿಟ್ಟೆ. ನಾನೂ ಹೆದರಿದ್ದೆ. ಹಟ ಮಾಡಿ ಕರ್ಕೊಂಡು ಹೋಗಬಹುದಿತ್ತು... ಇಷ್ಟು ವರ್ಷ ಎಲ್ಲಾನೂ ಅವರ ತಲೆ ಮೇಲೇ ಬಿಟ್ಟೆ. ಆ ಬೆಂಚಿನ ಮೇಲೆ ಕೂತಾಗಲಾದ್ರೂ ಹೇಳ್ಬೇಕಿತ್ತು."

ನರ್ಸ್ ಹುಡುಗಿ ತೋಳಿನ ಪಟ್ಟಿ ಬಿಚ್ಚಿ, ಸ್ವಲ್ಪ ಜಾಸ್ತಿ ಇದೆ ಆಂಟಿ, ಏನಾದರೂ ಯೋಚನೆ ಮಾಡುತ್ತಿದ್ದೀರಾ ಎಂದಳು. ಇಲ್ಲ ಎಂದು ಹೊರಗೆ ಬಂದೆ. ಬಚ್ಚಲ ಬಳಿ ಅಳಿಯ ಹೇಳಿದ ಆ ಮಾತನ್ನು ಇಷ್ಟು ವರ್ಷ ನಾನೊಬ್ಬಳೇ ಇಟ್ಟುಕೊಂಡಿದ್ದೇನೆ. ಅತ್ತೆಗೆ ಅದೊಂದು ಮಾತು ಕೇಳಿಸಿದ್ದರೆ ಅವರ ತಪ್ಪೇನೂ ಅಳಿಸಿಹೋಗುತ್ತಿರಲಿಲ್ಲ. ಆದರೆ ಅದನ್ನು ಹೊರಲು ಜೊತೆಗೊಬ್ಬರಿದ್ದಾರೆ ಎಂದಾದರೂ ಗೊತ್ತಾಗುತ್ತಿತ್ತು.