ರೆಜಿನಾ ಬೀಸಿಸಿದ ಗಾಳಿ

ಆನೇಮಹಲಿನ ರೆಜಿನಾಗೆ ಎರಡು ವರ್ಷದಿಂದ ಒಂದೇ ಹಟ. ತನ್ನ ಹಳೆಯ ಧಣಿ ಗುರು, ಪಾಳ್ಯದ ವಿಶಾಲಮ್ಮನ ಮುಂದೆ ಬಾಯಿಬಿಟ್ಟು ನಿಜ ಹೇಳಬೇಕು. ಭಾನುವಾರ ಇಗರ್ಜಿಯ ಪ್ರಾರ್ಥನೆಯಲ್ಲಿ ಕ್ಷಮಿಸುವ ಮಾತು ಬಂದಾಗ ಅವಳು ತುಟಿ ಬಿಗಿದುಕೊಂಡು ಕೂತಿರುತ್ತಿದ್ದಳು. ದೇವರಿಗೆ ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಸಕಲೇಶಪುರದ ಗುರುವಿನ ಸ್ಟುಡಿಯೋದಲ್ಲಿ ಅವಳು ಮದುವೆ ವಿಡಿಯೋಗಳ ಮಿಕ್ಸಿಂಗ್ ಮಾಡುತ್ತಿದ್ದಳು. ಈ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಲೆನ್ಸು ಹಾಳಾಗದಿರಲೆಂದು ಸ್ಟುಡಿಯೋದವರು ಮರದ ಪೆಟ್ಟಿಗೆಯೊಳಗೆ ನಲವತ್ತು ವ್ಯಾಟಿನ ಬಲ್ಬು ಉರಿಸಿ ಅದರಲ್ಲಿ ಲೆನ್ಸು ಇಡುತ್ತಾರೆ. ಅದು ಸರಿಯೇ. ಆದರೆ 2007ರ ಜುಲೈಯಲ್ಲಿ ಗುರುವಿಗೆ ಇನ್ನೂ ದೊಡ್ಡ ಬುದ್ಧಿ ಬಂತು. ರೆಜಿನಾ ರಜೆ ಹಾಕಿದ ದಿನ, ಮದುವೆಗಳನ್ನೆಲ್ಲ ತುಂಬಿಟ್ಟ ಹಾರ್ಡ್ ಡಿಸ್ಕಿಗೂ ತೇವ ತಗಲೀತೆಂದು ಅದನ್ನು ಬಲ್ಬಿನ ಪೆಟ್ಟಿಗೆಯೊಳಗಿಟ್ಟ. ವೈರನ್ನು ತೂತಿನಿಂದ ಹೊರಗೆಳೆದು ಕಂಪ್ಯೂಟರಿಗೆ ಸಿಕ್ಕಿಸಿ, ಮುಚ್ಚಳ ಮುಚ್ಚಿ, ಬೆಳಗಿನಿಂದ ಓಡಿಸಿದ. ಓಡುವ ಡಿಸ್ಕು ತಾನೇ ಕಾಯುತ್ತದೆ, ಪಕ್ಕದಲ್ಲಿ ಬಲ್ಬು ಬೇರೆ. ಸಂಜೆಗೆ ಅದು ಸತ್ತಿತ್ತು. ಕ್ಯಾಮೆರಾದ ಮೂಲ ಟೇಪುಗಳ ಮೇಲೆ ಅವನು ಆಗಲೇ ಬೇರೆ ಮದುವೆ ತುಂಬಿಸಿಯಾಗಿತ್ತು.

ಹೋದದ್ದರಲ್ಲಿ ವಿಶಾಲಮ್ಮನ ಮಗಳ ಮದುವೆಯೂ ಒಂದು. ಧಾರೆಯೆರೆದ ಅಪ್ಪ ತಿಂಗಳೊಳಗೆ ತೀರಿಕೊಂಡಿದ್ದರು. ಅವರು ನಡೆದಾಡಿದ್ದು, ನಕ್ಕಿದ್ದು ಉಳಿದಿದ್ದು ಆ ಡಿಸ್ಕಿನಲ್ಲಿ ಮಾತ್ರ.

"ರೆಜಿನಾ ಕೈ ಜಾರಿಸಿ ಬೀಳಿಸ್ಬುಟ್ಲು ಕಣಮ್ಮ," ಎಂದುಬಿಟ್ಟ ಗುರು, ವಿಡಿಯೋ ಕೇಳಲು ಬಂದ ವಿಶಾಲಮ್ಮನಿಗೆ.

ವಿಶಾಲಮ್ಮ ಕೂಗಾಡಲಿಲ್ಲ. "ನನ್ ಯಜಮಾನ್ರನ್ನ ಇನ್ನೊಂದ್ ಸಲ ಕಳ್ದೆ ಕಣೇ," ಎಂದಷ್ಟೇ ರೆಜಿನಾಗೆ ಹೇಳಿ ಹೋದಳು. ರೆಜಿನಾ ಬಾಯಿ ನೋಯುವಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುರು ಅವಳನ್ನು ಕೆಲಸದಿಂದ ತೆಗೆದ. ಅವಳು ಸತ್ತ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಕೆಲಸ ಶುರುಮಾಡಿದಳು. ಎರಡು ಇಟ್ಟಿಗೆ, ಅದರ ಮೇಲೆ ಹಳೇ ಕಾಫಿ ಜರಡಿಯ ಜಾಲರಿ, ಜಾಲರಿಯ ಮೇಲೆ ಡಿಸ್ಕು, ಎದುರಿಗೆ ಟೇಬಲ್ ಫ್ಯಾನು. ಕೆಳಗಿನಿಂದಲೂ ಗಾಳಿ ಆಡಬೇಕು. ಕಾಲು ಗಂಟೆಗೊಮ್ಮೆ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟಿ ನೋಡುವಳು. ಬಿಸಿ ಹೆಚ್ಚಾದರೆ ಕೆಲಸ ನಿಲ್ಲಿಸಿ ಆರಲು ಬಿಡುವಳು. ಎರಡು ಮಳೆಗಾಲ ಕಳೆದರೂ ಅವಳದೊಂದು ಡಿಸ್ಕೂ ಕೆಡಲಿಲ್ಲ. ಆ ಸತ್ತ ಡಿಸ್ಕು ಮಾತ್ರ ಕಣ್ಣೆದುರಿನ ಗೂಡಿನಲ್ಲಿತ್ತು, ಸಿಟ್ಟು ಆರದಿರಲೆಂದು.

2009ರ ಜುಲೈಯಲ್ಲಿ ಗುರುವೇ ಬಾಗಿಲಿಗೆ ಬಂದ. ಟವೆಲ್ಲಿನಲ್ಲಿ ಸುತ್ತಿದ ಡಿಸ್ಕೊಂದು ಕೈಯಲ್ಲಿತ್ತು.

"ಹತ್ತು ನಿಮಿಷ ಓಡ್ತೈತೆ, ಕಾದು ನಿಂತೋಯ್ತದೆ. ಹಾಸನದೋರು ಆಗಲ್ಲ ಅಂದ್ಬುಟ್ರು. ಹೊಸಕೋಟೆ ಬೋರಯ್ಯೋರ ಮಗಳ ಮದ್ವೆ ಕಣಮ್ಮ. ಟೇಪ್ ಇಲ್ಲ."

ಈ ಮನುಷ್ಯನಿಗೆ ಎರಡು ವರ್ಷದಲ್ಲಿ ಕೂದಲು ನೆರೆತಿತ್ತೇ ಹೊರತು ಬುದ್ಧಿ ಬಂದಿರಲಿಲ್ಲ. ರೆಜಿನಾಗೆ ಹೊಟ್ಟೆಯೊಳಗೆ ಹಾಲು ಕುಡಿದಷ್ಟು ತಂಪಾಯಿತು.

"ತೆಗೆದ್ಕೊಡ್ತೀನಿ. ವಿಶಾಲಮ್ಮೋರಿಗೆ ಫೋನ್ ಮಾಡಿ ಕರೀತೀನಿ. ಅವರ ಮುಂದೆ ನಿಜ ಹೇಳ್ಬೇಕು. ಆಗಲ್ಲ ಅಂದ್ರೆ ಟವೆಲ್ ಸುತ್ಕೊಂಡು ಹೊರಡಿ."

ಅವನು ಹೊಸ್ತಿಲು ನೋಡಿದ, ಮಳೆ ನೋಡಿದ, ಕೊನೆಗೆ ಆಗಲೆಂದು ತಲೆಯಾಡಿಸಿದ. ಅವಳು ಫೋನು ಮಾಡಿ ಡಿಸ್ಕನ್ನು ಜಾಲರಿಯ ಮೇಲಿಟ್ಟು ಅದರಲ್ಲಿದ್ದ ಮದುವೆಯನ್ನು ಕಂಪ್ಯೂಟರಿಗೆ ಇಳಿಸತೊಡಗಿದಳು. ಅರ್ಧ ಗಂಟೆಯಲ್ಲಿ ಕರೆಂಟು ಹೋಯಿತು. ಕಂಪ್ಯೂಟರಿಗೆ ಇನ್ವರ್ಟರ್ ಇತ್ತು, ಫ್ಯಾನಿಗಿರಲಿಲ್ಲ. ರೆಜಿನಾ ಒಳಗಿನಿಂದ ಬೀಸಣಿಗೆ ತಂದು ಅವನ ಕೈಗಿಟ್ಟಳು.

"ಬೀಸಿ. ನಿಲ್ಲಿಸಂಗಿಲ್ಲ."

ಗುರು ನೆಲದ ಮೇಲೆ ಕೂತು ಬೀಸಿದ. ಬಲಗೈ ಸೋತರೆ ಎಡಗೈ. ವಿಡಿಯೋ ಕೊಡಲು ಬಂದ ಇಬ್ಬರು ಗಿರಾಕಿಗಳು ಸಕಲೇಶಪುರದ ಸ್ಟುಡಿಯೋ ಧಣಿಯನ್ನು ಗುರುತು ಹಿಡಿದು ನಿಂತು ನೋಡಿದರು. ರೆಜಿನಾ ಅವರಿಗೆ ಕಾಫಿ ಕೊಟ್ಟಳು, ಅವನಿಗೆ ಕೊಡಲಿಲ್ಲ.

ಬಸ್ಸಿಳಿದು ವಿಶಾಲಮ್ಮ ಬಂದಾಗಲೂ ಅವನು ಬೀಸುತ್ತಲೇ ಇದ್ದ. ತಲೆಯೆತ್ತದೆ ಹೇಳಿದ.

"ಈಯಮ್ಮ ಬೀಳಿಸ್ಲಿಲ್ಲ ಕಣಮ್ಮ. ನಾನೇ ಬಲ್ಬಿನ ಪೆಟ್ಟಿಗೇಲಿಟ್ಟು ಓಡಿಸ್ದೆ. ಬೆಂದೋಯ್ತು."

ರೆಜಿನಾ ಗೂಡಿನಿಂದ ಸತ್ತ ಡಿಸ್ಕು ತಂದು ಕೊಟ್ಟಳು. ಬಲ್ಬಿಗೆ ತಾಗಿದ ಮೂಲೆಯ ಪ್ಲಾಸ್ಟಿಕ್ಕು ಕರಗಿ ಮುದ್ದೆಯಾಗಿತ್ತು. ಬಿದ್ದ ವಸ್ತು ಒಡೆಯುತ್ತದೆ, ಕರಗುವುದಿಲ್ಲ. ಎರಡು ವರ್ಷದಲ್ಲಿ ಒಬ್ಬರಾದರೂ ನೋಡಿದ್ದರೆ ಸಾಕಿತ್ತು. ವಿಶಾಲಮ್ಮ ಆ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ಕೇಳಿದಳು.

"ಈಗ ಓಡ್ತಿರದು ಯಾರ್ ಮದ್ವೆ?"

"ಬೋರಯ್ಯೋರ ಮಗಳದ್ದು," ಎಂದಳು ರೆಜಿನಾ.

"ಧಾರೆ ಎರ್ದಿದ್ದು ಬೋರಯ್ಯೋರೇನಾ?"

"ಹೂಂ."

ವಿಶಾಲಮ್ಮ ಸತ್ತ ಡಿಸ್ಕನ್ನು ರೆಜಿನಾ ಕೈಗೆ ಕೊಟ್ಟು, ಗುರುವಿನ ಕೈಯಿಂದ ಬೀಸಣಿಗೆ ಕಿತ್ತುಕೊಂಡಳು.

"ಎದ್ದೇಳಪ್ಪ. ನಿನ್ ಕೈಲಿ ಏನೂ ಉಳಿಯಾಕಿಲ್ಲ."

ಅವಳು ಇಟ್ಟಿಗೆಗಳ ಪಕ್ಕ ಕೂತು ನಿಧಾನವಾಗಿ ಬೀಸತೊಡಗಿದಳು. ಗುರು ಬಾಗಿಲ ಬಳಿ ನಿಂತ. ಕೂರಲೆಂದು ಕೋಣೆಯಲ್ಲಿದ್ದ ಒಂದೇ ಖಾಲಿ ಕುರ್ಚಿಯತ್ತ ನೋಡಿದ. ರೆಜಿನಾ ಸತ್ತ ಡಿಸ್ಕನ್ನು ಅದರ ಮೇಲಿಟ್ಟಳು.